ಮುಖಪುಟದ ಬಣ್ಣಕ್ಕೆ ಏನು ಕೆಲಸ? ಹಳೆಯ ಕಾಮಿಕ್ಸ್ ಪುಸ್ತಕಗಳಿಂದ ಚಿತ್ರ ಓದಿಸುವ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ವೀಕ್ಷಿಸುವ ಪಾಠಗಳಲ್ಲಿ ಚಿತ್ರ ತೋರಿಸದ ಪಾಠ ಅಪರೂಪ. ಚಿತ್ರಪಟ, ಮಿಂಚುಪಟ್ಟಿ, ಪ್ರೊಜೆಕ್ಟರ್ ಇದ್ದಲ್ಲಿ ಪರದೆಯ ಮೇಲಿನ ಚಿತ್ರ, ಏನಾದರೊಂದು ಇದ್ದೇ ಇರುತ್ತದೆ. ಆದರೆ ಚಿತ್ರ ಬಂದ ಕೂಡಲೇ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಹೇಗಿದೆ ಮಕ್ಕಳೇ?" ತರಗತಿ ಒಂದೇ ದನಿಯಲ್ಲಿ "ಚೆನ್ನಾಗಿದೆ ಮಿಸ್" ಎನ್ನುತ್ತದೆ. ಪಾಠ ಮುಂದೆ ಸಾಗುತ್ತದೆ. ಪ್ರಶ್ನಿಸುವ ಕೌಶಲದ ಪಟ್ಟಿಯಲ್ಲಿ ಒಂದು ಗುರುತು ಬೀಳುತ್ತದೆ, ಮಕ್ಕಳ ಕಣ್ಣು ಮಾತ್ರ ಏನನ್ನೂ ಹುಡುಕಿರುವುದಿಲ್ಲ.

ಈ ಲೇಖನದಲ್ಲಿ ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತೇನೆ: "ಈ ಬಣ್ಣ ಇಲ್ಲಿ ಏನು ಕೆಲಸ ಮಾಡುತ್ತಿದೆ?" ಈ ಪ್ರಶ್ನೆಗೆ ಇಷ್ಟ-ಅನಿಷ್ಟದ ಉತ್ತರ ಸಾಲದು, ನೋಡಿ ಕಾರಣ ಹೇಳಬೇಕಾಗುತ್ತದೆ. ಇದನ್ನು ಕಲಿಸಲು ನಾನು ಆರಿಸಿಕೊಂಡಿರುವುದು ಅಮೆರಿಕದ ಹಳೆಯ ಕಾಮಿಕ್ಸ್ ಪುಸ್ತಕಗಳ ಮುಖಪುಟಗಳನ್ನು. ಅಗ್ಗದ ಮುದ್ರಣ, ಕೆಲವೇ ಶಾಯಿ, ಅಂಗಡಿಯಲ್ಲಿ ನೂರು ಪುಸ್ತಕಗಳ ನಡುವೆ ಸ್ಪರ್ಧೆ, ಇಷ್ಟೂ ಇಕ್ಕಟ್ಟಿನೊಳಗೆ ಅವು ಹುಟ್ಟಿದವು. ಹಾಗಾಗಿ ಅಲ್ಲಿನ ಪ್ರತಿ ಬಣ್ಣದ ಹಿಂದೆ ಒಂದು ಕಾರಣ ಸಿಗುತ್ತದೆ, ಆ ಕಾರಣವನ್ನು ಎಂಟನೆಯ ತರಗತಿಯ ಮಕ್ಕಳೂ ಹುಡುಕಬಲ್ಲರು. ನಾನು ಮಾರ್ಗದರ್ಶನ ಮಾಡುವ ಪ್ರಶಿಕ್ಷಣಾರ್ಥಿಗಳು ಎರಡು ಅವಧಿಗಳ ಈ ಪಾಠವನ್ನು ಬೇರೆ ಬೇರೆ ಶಾಲೆಗಳಲ್ಲಿ ಮಾಡಿದ್ದಾರೆ. ವಿಷಯಜ್ಞಾನ, ಪಾಠದ ಹಂತಗಳು, ಮೌಲ್ಯಮಾಪನ ಈ ಕ್ರಮದಲ್ಲಿ ವಿವರಿಸುತ್ತೇನೆ.

ಪಾಠಕ್ಕೆ ಮುನ್ನ ಬೋಧಕರು ತಿಳಿದಿರಬೇಕಾದದ್ದು

1. ನಾಲ್ಕು ಶಾಯಿಗಳ ಲೆಕ್ಕ

ಹಳೆಯ ಕಾಮಿಕ್ಸ್ ಅಚ್ಚಾಗುತ್ತಿದ್ದುದು ನಾಲ್ಕು ಶಾಯಿಗಳಲ್ಲಿ: ಹಳದಿ, ಮೆಜೆಂಟಾ, ಸಯಾನ್ ಮತ್ತು ಕಪ್ಪು. ಗೆರೆ ಮತ್ತು ಅಕ್ಷರಗಳಿಗೆ ಕಪ್ಪು, ಉಳಿದೆಲ್ಲಕ್ಕೂ ಮೂರು ಬಣ್ಣ. ಕೆಂಪು ಶಾಯಿ ಎಂಬುದು ಪ್ರತ್ಯೇಕವಾಗಿ ಇರಲಿಲ್ಲ. ಮೆಜೆಂಟಾದ ಮೇಲೆ ಹಳದಿ ಬಿದ್ದರೆ ಕೆಂಪು, ಸಯಾನಿನ ಮೇಲೆ ಹಳದಿ ಬಿದ್ದರೆ ಹಸಿರು. ತಿಳಿಬಣ್ಣ ಬೇಕಾದರೆ ಶಾಯಿಗೆ ನೀರು ಬೆರೆಸುವಂತಿಲ್ಲ. ಶಾಯಿಯನ್ನು ಸಣ್ಣ ಚುಕ್ಕಿಗಳಾಗಿ ಅಚ್ಚು ಹಾಕುತ್ತಿದ್ದರು. ಚುಕ್ಕಿಗಳ ನಡುವಿನ ಬಿಳಿ ಕಾಗದ ಸೇರಿ ಕಣ್ಣಿಗೆ ತಿಳಿಬಣ್ಣವಾಗಿ ಕಾಣುತ್ತಿತ್ತು.

ಒಳಪುಟಗಳಲ್ಲಿ ಪ್ರತಿ ಬಣ್ಣದ ಶಾಯಿಗೆ ಸಾಮಾನ್ಯವಾಗಿ ನಾಲ್ಕು ಸ್ಥಿತಿ ಇರುತ್ತಿತ್ತು: ಇಲ್ಲ, ಶೇ. 25, ಶೇ. 50, ಶೇ. 100. ಮೂರು ಶಾಯಿಗಳಿಗೆ 4 × 4 × 4, ಅಂದರೆ 64 ಬಣ್ಣ, ಬಿಳಿಯೂ ಸೇರಿ. ಬಣ್ಣಗಾರರು ಚಿತ್ರದ ಪ್ರತಿಯೊಂದರ ಮೇಲೆ ಬಣ್ಣ ಹಚ್ಚಿ, ಯಾವ ಜಾಗಕ್ಕೆ ಯಾವ ಶಾಯಿ ಎಷ್ಟು ಎಂದು ಸಂಕೇತ ಬರೆದು ಕಳಿಸುತ್ತಿದ್ದರು. ಅದನ್ನು ನೋಡಿ ಮುದ್ರಣ ಫಲಕ ಸಿದ್ಧಪಡಿಸುವವರು ಬೇರೆಯೇ. ಮುಖಪುಟಕ್ಕೆ ನುಣುಪಾದ, ಹೊಳಪಿನ ಕಾಗದ ಇರುತ್ತಿದ್ದುದರಿಂದ ಬಣ್ಣ ಚೆನ್ನಾಗಿ ಕೂರುತ್ತಿತ್ತು. ಒಳಪುಟಗಳು ನ್ಯೂಸ್‌ಪ್ರಿಂಟಿನವು, ಶಾಯಿ ಹೀರಿ ಮಂಕಾಗುವಂಥವು. ಶಾಯಿಗಳು ಮಾತ್ರ ಎರಡಕ್ಕೂ ಅವೇ ನಾಲ್ಕು.

ಈ ಇಕ್ಕಟ್ಟು ಪಾತ್ರದ ಬಣ್ಣವನ್ನೇ ಬದಲಿಸಿದ ಉದಾಹರಣೆ ಹಲ್ಕ್. 1962ರ ಮೇ ತಿಂಗಳ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದುಬಣ್ಣದವನು. ಅಚ್ಚಿನಲ್ಲಿ ಆ ಬೂದು ಒಂದೇ ಸಮ ಬರಲಿಲ್ಲ, ಪುಟದಿಂದ ಪುಟಕ್ಕೆ ಛಾಯೆ ಬದಲಾಯಿತು. ಎರಡನೆಯ ಸಂಚಿಕೆಗೆ ಅವನು ಹಸಿರಾದ. ಇಂದು ಮಕ್ಕಳ ಚೀಲ, ಟೀ ಶರ್ಟುಗಳ ಮೇಲೆ ಕಾಣುವ ಹಸಿರು ಹಲ್ಕ್ ಹುಟ್ಟಿದ್ದು ಹೀಗೆ ಅಚ್ಚುಮನೆಯ ತೊಡಕಿನಿಂದ. ನಮ್ಮಲ್ಲೂ ಇಂಥದ್ದುಂಟು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ರೂಪಿಸಿದ ಅಮರ ಚಿತ್ರ ಕಥೆಯ ಆರಂಭದ ಮುದ್ರಣಗಳು ಖರ್ಚಿನ ಕಾರಣಕ್ಕೆ ಪೂರ್ಣ ಬಣ್ಣದಲ್ಲಿರಲಿಲ್ಲ. ಒಳಪುಟದ ಚೌಕಗಳಿಗೆ ಹಳದಿ, ನೀಲಿ, ಹಸಿರನ್ನೇ ಬಳಸಿದ್ದರು.

2. ಅಂಗಡಿಯ ಲೆಕ್ಕ

1938ರ ಜೂನ್ ಎಂದು ನಮೂದಾಗಿರುವ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಬೆಲೆ 10 ಸೆಂಟು. ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ ಓದುಗರ ಮುಂದೆ ಬಂದದ್ದು ಇದರಲ್ಲೇ. ಮುಖಪುಟದಲ್ಲಿ ಅವನ ಹೆಸರೇ ಇಲ್ಲ. ಯಾರೆಂದೇ ಗೊತ್ತಿಲ್ಲದ ಒಬ್ಬ ಮನುಷ್ಯ ಹಸಿರು ಕಾರನ್ನು ಎರಡೂ ಕೈಯಲ್ಲಿ ಎತ್ತಿ ಅಪ್ಪಳಿಸುತ್ತಿದ್ದಾನೆ. ಮೈಗೆ ನೀಲಿ ಉಡುಪು, ಬೆನ್ನಿಗೆ ಕೆಂಪು ಮೇಲುವಸ್ತ್ರ, ಹಿಂದೆ ಹಳದಿ. ಕೆಳಗಿನ ಎಡ ಮೂಲೆಯಲ್ಲಿ ಒಬ್ಬ ತಲೆಯ ಮೇಲೆ ಕೈಹೊತ್ತು ದಿಕ್ಕೆಟ್ಟು ಓಡುತ್ತಿದ್ದಾನೆ.

ಇಲ್ಲಿ ಬಣ್ಣಗಳ ಕೆಲಸ ಹಂಚಿಕೆಯಾಗಿದೆ. ಕೆಂಪಿಗೆ ಹಸಿರು ವಿರುದ್ಧ ವರ್ಣ, ಆದ್ದರಿಂದ ಮನುಷ್ಯ ಮತ್ತು ಕಾರು ಒಂದರೊಳಗೊಂದು ಕಲಸಿಹೋಗುವುದಿಲ್ಲ. ಹಿಂದಿನ ಹಳದಿ ಇಬ್ಬರನ್ನೂ ಮುಂದಕ್ಕೆ ತಳ್ಳುತ್ತದೆ. ಕಾರು ಓರೆಯಾಗಿರುವುದರಿಂದ ಇಡೀ ಪುಟಕ್ಕೆ ಚಲನೆ ಬಂದಿದೆ. ಹೆದರಿದವನ ಮುಖ ಇರದಿದ್ದರೆ ಎತ್ತಿದವನ ಬಲ ನಮಗೆ ಅರ್ಧವೇ ತಿಳಿಯುತ್ತಿತ್ತು.

1939ರ ಮೇ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್' 27ನೆಯ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಮೊದಲ ಬಾರಿಗೆ ಬರುತ್ತಾನೆ. ಕಟ್ಟಡಗಳ ಮೇಲೆ ಹಗ್ಗ ಹಿಡಿದು ತೂಗುತ್ತಿರುವ ಕಪ್ಪು ರೆಕ್ಕೆಯ ಆಕೃತಿ, ಹಿಂದೆ ಹಳದಿ ಆಕಾಶ. ರಾತ್ರಿ ಸಂಚಾರಿಯ ಹಿಂದೆ ಆಕಾಶ ಹಳದಿ ಏಕೆ? ನಿಜಕ್ಕೆ ಹತ್ತಿರ ಬೇಕಾದರೆ ಕಡುನೀಲಿ ಹಚ್ಚಬೇಕಿತ್ತು. ಕಡುನೀಲಿಯ ಮುಂದೆ ಕಪ್ಪು ರೆಕ್ಕೆ ಕಾಣುತ್ತಿರಲಿಲ್ಲ. ಆ ಹಳದಿ ಹೊತ್ತು ಯಾವುದೆಂದು ಹೇಳುವುದಿಲ್ಲ, ಆಕೃತಿ ಯಾವುದೆಂದು ಹೇಳುತ್ತದೆ. ಚಿತ್ರದಲ್ಲಿ ಆಕಾಶ ನೀಲಿಯೇ ಇರಬೇಕು, ಎಲೆ ಹಸಿರೇ ಇರಬೇಕು ಎಂದು ತಿದ್ದುವ ನಮ್ಮ ಅಭ್ಯಾಸಕ್ಕೆ ಈ ಪುಟ ಒಳ್ಳೆಯ ಉತ್ತರ.

ವಿನ್ಯಾಸವನ್ನು ಅಂಗಡಿಯೂ ರೂಪಿಸಿತು. ಪುಸ್ತಕಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸಿದಾಗ ಕಾಣುವುದು ಮೇಲ್ಭಾಗವಷ್ಟೇ, ಆದ್ದರಿಂದ ಶೀರ್ಷಿಕೆ ಮೇಲೆ. 1963ರಲ್ಲಿ ಮಾರ್ವೆಲ್ ಸಂಸ್ಥೆ ಕಲಾವಿದ ಸ್ಟೀವ್ ಡಿಟ್ಕೊ ಅವರ ಸಲಹೆಯಂತೆ ಎಡ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಚೌಕ ಇಡತೊಡಗಿತು. ಅದರಲ್ಲಿ ನಾಯಕನ ಚಿಕ್ಕ ಚಿತ್ರ, ಬೆಲೆ, ಸಂಖ್ಯೆ. ಪುಸ್ತಕದ ಉಳಿದ ಭಾಗ ಮುಚ್ಚಿದರೂ ಇದು ಯಾರ ಪುಸ್ತಕ ಎಂದು ತಿಳಿಯಲಿ ಎಂಬುದು ಅದರ ಉದ್ದೇಶ.

3. ಗುರುತಿನ ಲೆಕ್ಕ

ನಗೆಚಿತ್ರದ ಕಾಮಿಕ್ಸ್‌ಗಳಲ್ಲಿ ಬಣ್ಣಕ್ಕೆ ಮತ್ತೊಂದು ಕೆಲಸವಿದೆ. 1940ರ ಅಕ್ಟೋಬರಿನಲ್ಲಿ ಆರಂಭವಾದ 'ವಾಲ್ಟ್ ಡಿಸ್ನೀಸ್ ಕಾಮಿಕ್ಸ್ ಅಂಡ್ ಸ್ಟೋರೀಸ್' ಪತ್ರಿಕೆಯ ಹಲವು ಮುಖಪುಟಗಳಲ್ಲಿ ಮಾತೇ ಇಲ್ಲ, ಒಂದು ಚಿತ್ರದಲ್ಲಿ ಒಂದು ನಗೆ. ಇಂಥ ಅನೇಕ ಮುಖಪುಟಗಳನ್ನು ಬರೆದವರು ಕಾರ್ಲ್ ಬಾರ್ಕ್ಸ್. ಡೊನಾಲ್ಡ್ ಬಾತುಕೋಳಿಯ ಸೋದರಿಯ ಮೂವರು ಮಕ್ಕಳು ಹ್ಯೂಯಿ, ಡ್ಯೂಯಿ, ಲೂಯಿ ಗೆರೆಯಲ್ಲಿ ತದ್ರೂಪಿಗಳು. ಬೇರೆ ಮಾಡುವುದು ಉಡುಪಿನ ಬಣ್ಣ ಮಾತ್ರ. ಇಂದು ಕೆಂಪು, ನೀಲಿ, ಹಸಿರು ಎಂದು ಸ್ಥಿರವಾಗಿದೆ, ಆದರೆ ಹಳೆಯ ಕಾಮಿಕ್ಸ್‌ಗಳಲ್ಲಿ ಅದು ಸಂಚಿಕೆಯಿಂದ ಸಂಚಿಕೆಗೆ ಬದಲಾಗುತ್ತಿತ್ತು. ಒಂದೇ ಚಿತ್ರದೊಳಗೆ ಮೂವರನ್ನು ಬಿಡಿಸಿ ತೋರಿಸುವುದಷ್ಟೇ ಆಗಿನ ಕೆಲಸ, ಹೆಸರು ಹೇಳುವ ಕೆಲಸ ಬಣ್ಣಕ್ಕೆ ಆಮೇಲೆ ಬಂತು.

ಫ್ಯಾಂಟಮ್ ಇನ್ನೂ ಸೊಗಸಾದ ಉದಾಹರಣೆ. 1936ರಲ್ಲಿ ಪತ್ರಿಕೆಗಳಲ್ಲಿ ಕಪ್ಪು-ಬಿಳುಪಿನಲ್ಲಿ ಬಂದವನಿಗೆ ಬಣ್ಣದ ಗೊಡವೆಯೇ ಇರಲಿಲ್ಲ. ಲೇಖಕ ಲೀ ಫಾಕ್ ಅವರ ಮನಸ್ಸಿನಲ್ಲಿ ಉಡುಪು ಬೂದುಬಣ್ಣದ್ದು. 1939ರಲ್ಲಿ ಭಾನುವಾರದ ಬಣ್ಣದ ಪುಟಕ್ಕೆ ಬಂದಾಗ ಅದು ನೇರಳೆಯಾಯಿತು. ಇಟಲಿಯಲ್ಲಿ ಕೆಂಪು, ಸ್ವೀಡನ್ನಿನಲ್ಲಿ ನೀಲಿ. ಪ್ರತಿ ದೇಶದ ಓದುಗರಿಗೂ ತಮ್ಮದೇ ನಿಜವಾದ ಬಣ್ಣ.

4. ಕಾಲದ ಲೆಕ್ಕ

ಇಂದು ನಮಗೆ ಸಿಗುವುದು ಎಂಬತ್ತು ವರ್ಷ ದಾಟಿದ ಕಾಗದದ ಚಿತ್ರಗಳು. ಬೆಳಕಿಗೆ ಶಾಯಿ ಮಾಸುತ್ತದೆ. ನ್ಯೂಸ್‌ಪ್ರಿಂಟಿನಲ್ಲಿರುವ ಲಿಗ್ನಿನ್ ಗಾಳಿ-ಬೆಳಕಿಗೆ ಹಳದಿ-ಕಂದು ಆಗುತ್ತದೆ. ಹಳೆಯ ಪುಸ್ತಕದ ಆ ಹಿತವಾದ ಮಂಕು ಬಣ್ಣ ಕಲಾವಿದರ ಆಯ್ಕೆಯಲ್ಲ, ಕಾಲದ ಕೊಡುಗೆ. ಅಂಗಡಿಗೆ ಬಂದ ದಿನ ಅವು ಕಣ್ಣು ಕುಕ್ಕುವಷ್ಟು ಗಾಢವಾಗಿದ್ದವು. ಜಾಲತಾಣದಲ್ಲಿ ಒಂದೇ ಮುಖಪುಟದ ಎರಡು ಪ್ರತಿಗಳು ಬೇರೆ ಬೇರೆ ಬಣ್ಣದಲ್ಲಿ ಕಂಡರೆ ಮಕ್ಕಳಿಗೆ ಎರಡನ್ನೂ ತೋರಿಸಿ. ಒಳ್ಳೆಯ ಚರ್ಚೆಗೆ ಅದು ಸಾಕು.

ಪಾಠ: ಎಂಟನೆಯ ತರಗತಿ, 40 ನಿಮಿಷಗಳ ಎರಡು ಅವಧಿ

ಪೂರ್ವಜ್ಞಾನ: ಮೂಲ ವರ್ಣ, ದ್ವಿತೀಯ ವರ್ಣ, ಬಿಸಿ-ತಂಪು ಬಣ್ಣಗಳ ಪರಿಚಯ.

ಕಲಿಕಾ ಉದ್ದೇಶಗಳು: ಮುಖಪುಟದ ಒಂದು ಬಣ್ಣ ಮಾಡುವ ಕೆಲಸವನ್ನು ಚಿತ್ರದಲ್ಲಿರುವ ಆಧಾರ ತೋರಿಸಿ ಹೇಳುವುದು, ಮಿತ ಬಣ್ಣಗಳಲ್ಲಿ ಮುಖಪುಟ ರಚಿಸಿ ತನ್ನ ಆಯ್ಕೆಗೆ ಕಾರಣ ಕೊಡುವುದು.

ಸಾಮಗ್ರಿ: ಮೇಲೆ ಹೇಳಿದ ನಾಲ್ಕೈದು ಮುಖಪುಟಗಳ ಬಣ್ಣದ ಪ್ರತಿ, ಅವೇ ಚಿತ್ರಗಳ ಕಪ್ಪು-ಬಿಳುಪು ಜೆರಾಕ್ಸ್, ಭೂತಗನ್ನಡಿ, ಯಾವುದಾದರೂ ಬಣ್ಣದ ದಿನಪತ್ರಿಕೆ, ಹಗ್ಗ, ಬಟ್ಟೆ ಕ್ಲಿಪ್ಪು, ಬಣ್ಣದ ಪೆನ್ಸಿಲ್.

ಮೊದಲ ಅವಧಿ

ಮುಖಪುಟ ತೋರಿಸಿ ಪಾಠ ಆರಂಭಿಸಬೇಡಿ. ಗುಂಪಿಗೊಂದು ಭೂತಗನ್ನಡಿ ಮತ್ತು ದಿನಪತ್ರಿಕೆಯ ತುಂಡು ಕೊಡಿ. ಬಣ್ಣದ ಚಿತ್ರದೊಳಗೆ ಚುಕ್ಕಿಗಳು ಕಾಣುತ್ತವೆ. "ಹಸಿರು ಎಲೆಯಲ್ಲಿ ಹಸಿರು ಚುಕ್ಕಿ ಎಲ್ಲಿದೆ?" ಎಂದು ಕೇಳಿ. ಹಳದಿ ಮತ್ತು ನೀಲಿ ಚುಕ್ಕಿಗಳೇ ಸಿಕ್ಕಾಗ ವಿವರಣೆಗೆ ನೆಲ ಸಿದ್ಧ. ಈ ಹಂತದಲ್ಲಿ 64ರ ಲೆಕ್ಕವನ್ನು ಮಕ್ಕಳೇ ಮಾಡಲಿ.

ಆಮೇಲೆ ಕಪ್ಪು-ಬಿಳುಪು ಪ್ರತಿ ಕೊಡಿ. ಬಣ್ಣವಿಲ್ಲದೆ ಯಾವುದು ಕಾಣುತ್ತದೆ, ಯಾವುದು ಕಳೆದುಹೋಗುತ್ತದೆ ಎಂದು ಪಟ್ಟಿ ಮಾಡಲಿ. ಜೆರಾಕ್ಸ್‌ನಲ್ಲಿ ಕೆಂಪು ಮತ್ತು ಹಸಿರು ಸರಿಸುಮಾರು ಒಂದೇ ಬೂದಾಗುವುದುಂಟು. ಅನಂತರ ಬಣ್ಣದ ಪ್ರತಿ ಪಕ್ಕದಲ್ಲಿಟ್ಟಾಗ, ಕಳೆದುಹೋಗಿದ್ದು ಮರಳಿ ಬಂದದ್ದನ್ನು ಮಕ್ಕಳು ತಾವಾಗಿಯೇ ಹೇಳುತ್ತಾರೆ. ಬಣ್ಣದ ಕೆಲಸ ಏನೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಒಂದು ಎಚ್ಚರಿಕೆ: ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ತರಗತಿಯಲ್ಲಿರಬಹುದು. ಉತ್ತರ ಹೇಳಲಾಗದ ಮಗುವನ್ನು ಗಮನವಿಲ್ಲದವನೆಂದು ಎಣಿಸಬಾರದು.

ಕೊನೆಯ ಹತ್ತು ನಿಮಿಷ ಹಗ್ಗದ ಚಟುವಟಿಕೆ. ನಮ್ಮೂರ ಪೆಟ್ಟಿಗೆ ಅಂಗಡಿಗಳಲ್ಲಿ ಪತ್ರಿಕೆ ನೇತುಹಾಕುವಂತೆ ಮುಖಪುಟಗಳನ್ನು ಒಂದರ ಮೇಲೊಂದು ಸರಿಸಿ ನೇತುಹಾಕಿ, ಮಕ್ಕಳು ಹಿಂದಿನ ಗೋಡೆಗೆ ಹೋಗಿ ನಿಲ್ಲಲಿ. ಯಾವ ಪುಸ್ತಕ ಮೊದಲು ಕಣ್ಣಿಗೆ ಬಿತ್ತು, ಏಕೆ? ಒಂದು ಶಾಲೆಯಲ್ಲಿ ಹುಡುಗನೊಬ್ಬ, "ಸರ್, ಹಳದಿ ಕಂಡಿದ್ದು ಅದು ಹಳದಿ ಅಂತಲ್ಲ, ಪಕ್ಕದಲ್ಲಿ ಎಲ್ಲಾ ನೀಲಿ ಇತ್ತಲ್ಲ ಅದಕ್ಕೆ" ಎಂದ. ಬಣ್ಣದ ಬಲ ಅದರ ನೆರೆಯಲ್ಲಿದೆ ಎಂಬ ಮಾತನ್ನು ನಾವು ಕಪ್ಪುಹಲಗೆಯ ಮೇಲೆ ಬರೆದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು.

ಎರಡನೆಯ ಅವಧಿ

ಮಕ್ಕಳು ತಮಗೆ ಗೊತ್ತಿರುವ ಒಂದು ಕಥೆಗೆ ಮುಖಪುಟ ರಚಿಸುತ್ತಾರೆ. ನಿಯಮ ಮೂರು: ಕಪ್ಪು ಗೆರೆಯಲ್ಲದೆ ಮೂರೇ ಬಣ್ಣದ ಪೆನ್ಸಿಲ್ ಬಳಸಬೇಕು, ಶೀರ್ಷಿಕೆ ಮೇಲಿನ ಮೂರನೇ ಒಂದು ಭಾಗದಲ್ಲಿರಬೇಕು, ಮುಗಿದ ಮೇಲೆ ಹಿಂಬದಿಯಲ್ಲಿ ಪ್ರತಿ ಬಣ್ಣದ ಕೆಲಸವನ್ನು ಒಂದೊಂದು ವಾಕ್ಯದಲ್ಲಿ ಬರೆಯಬೇಕು. ಇಪ್ಪತ್ತನಾಲ್ಕು ಬಣ್ಣದ ಡಬ್ಬಿ ಇರುವ ಮಗುವಿಗೂ ಆರರ ಡಬ್ಬಿಯನ್ನು ತಂಗಿಯೊಂದಿಗೆ ಹಂಚಿಕೊಳ್ಳುವ ಮಗುವಿಗೂ ಈ ನಿಯಮದಡಿ ಸಮಾನ ಅವಕಾಶ. ಚಿತ್ರಕಲಾ ಅವಧಿಯಲ್ಲಿ ಹಿಂದೆ ಕೂರುವವರು ಮುಂದೆ ಬರುವುದನ್ನು ನಾನು ಈ ಚಟುವಟಿಕೆಯಲ್ಲಿ ಹೆಚ್ಚಾಗಿ ಕಂಡಿದ್ದೇನೆ.

ತಪ್ಪಿಸಿಕೊಳ್ಳಬಾರದ ಪ್ರಶ್ನೆ: ಮೈಬಣ್ಣ

ಮೂರು ಬಣ್ಣದ ನಿಯಮ ಹೇಳಿದ ಕೂಡಲೇ ಬಹುತೇಕ ಎಲ್ಲ ತರಗತಿಗಳಲ್ಲೂ ಒಂದು ಪ್ರಶ್ನೆ ಬರುತ್ತದೆ: "ಮಿಸ್, ಸ್ಕಿನ್ ಕಲರ್ ಲೆಕ್ಕಕ್ಕಿಲ್ಲ ಅಲ್ವಾ?" ಸ್ಕಿನ್ ಕಲರ್ ಎಂದು ಮಕ್ಕಳು ಕರೆಯುವುದು ಡಬ್ಬಿಯಲ್ಲಿರುವ ತಿಳಿ ಗುಲಾಬಿ-ಕೇಸರಿ ಬಣ್ಣದ ಕಡ್ಡಿಯನ್ನು. ಕೇಳಿದ ಮಗುವಿನ ಮೈಬಣ್ಣವೂ ಅದಲ್ಲ, ಪಕ್ಕದಲ್ಲಿ ಕೂತವರದೂ ಅಲ್ಲ. ಆದರೂ ಅವರ ಚಿತ್ರಗಳಲ್ಲಿ ಅಮ್ಮ, ರೈತ, ಟೀಚರ್ ಎಲ್ಲರೂ ಆ ಬಣ್ಣದವರೇ. ಈ ಪಾಠದ ಇಡೀ ಸಾರ್ಥಕತೆ ಈ ಗಳಿಗೆಯನ್ನು ಬೋಧಕರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದರ ಮೇಲಿದೆ ಎಂದು ನಾನು ನಂಬಿದ್ದೇನೆ.

ಹಳೆಯ ಕಾಮಿಕ್ಸ್ ಇಲ್ಲಿ ನೆರವಿಗೆ ಬರುತ್ತದೆ. ಆ ಬಣ್ಣಗಾರರಿಗೂ ಮೈಬಣ್ಣಕ್ಕೆ ಒಂದು ಸಿದ್ಧ ಸಂಕೇತವಿತ್ತು: ಶೇ. 25 ಹಳದಿ, ಶೇ. 25 ಮೆಜೆಂಟಾ. ಅದು ಬಿಳಿಯರ ಮೈಬಣ್ಣ, ಆದರೆ 'ಮೈಬಣ್ಣ' ಎಂದರೆ ಅದೇ ಎಂಬಂತೆ ಬಳಕೆಯಾಯಿತು. ಪೂರ್ವ ಏಷ್ಯಾದವರಿಗೆ, ಅದರಲ್ಲೂ ಎರಡನೆಯ ಮಹಾಯುದ್ಧದ ಕಾಲದ ಮುಖಪುಟಗಳಲ್ಲಿ ಜಪಾನೀ ಸೈನಿಕರಿಗೆ, ಯಾವ ಮನುಷ್ಯರಿಗೂ ಇಲ್ಲದಂಥ ಹಳದಿ ಹಚ್ಚಿದರು. 1963ರಲ್ಲಿ ಬಂದ 'ಸಾರ್ಜೆಂಟ್ ಫ್ಯೂರಿ' ಕಾಮಿಕ್ಸ್‌ನ ಮೊದಲ ಸಂಚಿಕೆಯ ಕಥೆ ಇನ್ನೂ ಕಣ್ತೆರೆಸುವಂಥದ್ದು. ಅದರಲ್ಲಿ ಗೇಬ್ ಜೋನ್ಸ್ ಎಂಬ ಕರಿಯ ಸೈನಿಕನಿದ್ದ. ಅಚ್ಚಾಗಿ ಬಂದಾಗ ಅವನು ಬಿಳಿಯನಾಗಿದ್ದ. ಫಲಕ ಸಿದ್ಧಪಡಿಸಿದವರು ಕಂದುಬಣ್ಣದ ಸೂಚನೆಯನ್ನೇ ತಪ್ಪೆಂದು ಭಾವಿಸಿ 'ಸರಿಪಡಿಸಿದ್ದರು' ಎಂದು ಸಂಪಾದಕ ಸ್ಟಾನ್ ಲೀ ನಂತರ ಹೇಳಿಕೊಂಡಿದ್ದಾರೆ. ಹಗೆಯಿಂದ ಮಾಡಿದ್ದೇ ಆಗಬೇಕಿಲ್ಲ, ರೂಢಿಯೇ ಆ ಕೆಲಸ ಮಾಡಿತು.

ನಮ್ಮ ಚಿತ್ರಕಥೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಹಳೆಯ ಪೌರಾಣಿಕ ಚಿತ್ರಕಥೆಗಳಲ್ಲಿ ರಾಜಕುಮಾರಿ ಬೆಳ್ಳಗೆ, ರಕ್ಕಸ ಕಪ್ಪಗೆ ಇರುವುದನ್ನು ಮಕ್ಕಳೇ ಗುರುತಿಸುತ್ತಾರೆ. ಇಲ್ಲಿ ಉಪದೇಶ ಬೇಡ. ಅದೇ ಪ್ರಶ್ನೆ ಸಾಕು: "ಈ ಕಪ್ಪು ಇಲ್ಲಿ ಏನು ಕೆಲಸ ಮಾಡುತ್ತಿದೆ?" ಬ್ಯಾಟ್‌ಮ್ಯಾನಿನ ಕಪ್ಪು ಆಕೃತಿಯನ್ನು ಎತ್ತಿ ತೋರಿಸುವ ಕೆಲಸ ಮಾಡಿತ್ತು. ರಕ್ಕಸನ ಕಪ್ಪು ಕೆಟ್ಟವನೆಂದು ಹೇಳುವ ಕೆಲಸ ಮಾಡುತ್ತಿದೆ. ಆ ಕೆಲಸವನ್ನು ಕೋರೆಹಲ್ಲು, ಗದೆ, ಉರಿಗಣ್ಣು ಮಾಡಲಾರವೇ? ಒಂದು ತರಗತಿಯಲ್ಲಿ ಈ ಚರ್ಚೆಯ ಬಳಿಕ ಹುಡುಗಿಯೊಬ್ಬಳು ಕಂದು ಪೆನ್ಸಿಲನ್ನು ತನ್ನ ಮೂರರಲ್ಲಿ ಒಂದಾಗಿ ಆರಿಸಿಕೊಂಡು ಕಿತ್ತೂರು ಚೆನ್ನಮ್ಮನನ್ನು ಬರೆದಳು. ಹಿಂಬದಿಯಲ್ಲಿ ಅವಳ ವಾಕ್ಯ: "ಕಂದು ಬಣ್ಣದ ಕೆಲಸ: ಚೆನ್ನಮ್ಮ ನಮ್ಮ ಕಡೆಯವಳು ಅಂತ ತೋರಿಸೋದು."

ಈ ಭಾಗ ನಡೆಸುವಾಗ ಒಂದು ನಿಯಮವನ್ನು ಕಡ್ಡಾಯವಾಗಿ ಪಾಲಿಸಿ: ಯಾವ ಮಗುವಿನ ಮೈಬಣ್ಣವನ್ನೂ ಉದಾಹರಣೆಯಾಗಿ ತೋರಿಸಬಾರದು, ಹೊಗಳಿಕೆಗೂ ಕೂಡ. ಬೇಕಾದರೆ ಬೋಧಕರು ತಮ್ಮ ಅಂಗೈ ಮತ್ತು ಮುಂಗೈಯನ್ನು ಡಬ್ಬಿಯ ಕಡ್ಡಿಯ ಪಕ್ಕ ಹಿಡಿದು ತೋರಿಸಲಿ.

ಮೌಲ್ಯಮಾಪನ

ಚಿತ್ರದ ಅಂದಕ್ಕೆ ಅಂಕ ಕೊಡಬೇಡಿ. ಹಿಂಬದಿಯ ಮೂರು ವಾಕ್ಯಗಳಿಗೂ ಮುಂಬದಿಯ ಚಿತ್ರಕ್ಕೂ ಹೊಂದಿಕೆ ಇದೆಯೇ ಎಂದು ನೋಡಿ. ಮಕ್ಕಳ ವಾಕ್ಯಗಳನ್ನು ನಾನು ಮೂರು ಮಟ್ಟದಲ್ಲಿ ವಿಂಗಡಿಸುತ್ತೇನೆ. "ಕೆಂಪು ನನಗೆ ಇಷ್ಟ" ಎಂಬುದು ಮೊದಲ ಮಟ್ಟ, ಇಲ್ಲಿ ಇಷ್ಟವಿದೆ, ಕೆಲಸವಿಲ್ಲ. "ಕೆಂಪು ಎದ್ದು ಕಾಣುತ್ತದೆ" ಎಂಬುದು ಎರಡನೆಯದು, ಕೆಲಸವಿದೆ, ಆಧಾರವಿಲ್ಲ. "ಹಿಂದೆ ಹಸಿರು ಹೊಲ ಇರುವುದರಿಂದ ಹುಡುಗಿಯ ಲಂಗ ಕೆಂಪು ಮಾಡಿದೆ, ದೂರದಿಂದಲೂ ಅವಳೇ ಕಾಣುತ್ತಾಳೆ" ಎಂಬುದು ಮೂರನೆಯದು. ಎರಡನೆಯ ಮಟ್ಟದ ಮಗುವನ್ನು ಮೂರನೆಯದಕ್ಕೆ ಏರಿಸಲು ಬೋಧಕರು ಕೇಳಬೇಕಾದದ್ದು ಇಷ್ಟೇ: "ಯಾವುದರ ಪಕ್ಕದಲ್ಲಿ?"

ಪ್ರಶಿಕ್ಷಣಾರ್ಥಿಗಳಿಗೆ ಮತ್ತು ವೀಕ್ಷಕರಿಗೆ

ಪಾಠಯೋಜನೆ ಬರೆಯುವಾಗ ಪ್ರತಿ ಚಿತ್ರದ ಎದುರು ಅದು ಪಾಠದಲ್ಲಿ ಮಾಡುವ ಕೆಲಸವನ್ನೂ ಬರೆಯಿರಿ. ಬರೆಯಲಾಗದಿದ್ದರೆ ಆ ಚಿತ್ರ ಬೇಡ. ನಾಲ್ಕು ಮುಖಪುಟ ಸಾಕು, ಹದಿನೈದು ತೋರಿಸಿದರೆ ಮಕ್ಕಳು ನೋಡುವುದನ್ನು ಬಿಟ್ಟು ಎಣಿಸತೊಡಗುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮೌನವಾಗಿ ಹತ್ತು ಎಣಿಸಿ. ಬಣ್ಣದ ಕಾರಣ ಹುಡುಕಲು ಕಣ್ಣಿಗೆ ಅಷ್ಟು ಹೊತ್ತು ಬೇಕು.

ವೀಕ್ಷಕರಾಗಿ ನಾವೂ ಪ್ರತಿಕ್ರಿಯೆಯಲ್ಲಿ "ಬೋಧನೋಪಕರಣ ಆಕರ್ಷಕವಾಗಿತ್ತು" ಎಂದು ಬರೆದು ಮುಗಿಸುವುದು ಬೇಡ. ಆ ಉಪಕರಣದ ಯಾವ ಅಂಶವನ್ನು ಎಷ್ಟು ಮಕ್ಕಳು ಬೆರಳಿಟ್ಟು ತೋರಿಸಿ ಮಾತನಾಡಿದರು ಎಂದು ದಾಖಲಿಸೋಣ. ಗಣಿತದ ನಕ್ಷೆ, ಭೂಪಟ, ವಿಜ್ಞಾನದ ರೇಖಾಚಿತ್ರ, ಚುನಾವಣಾ ಭಿತ್ತಿಪತ್ರ, ಸೋಪಿನ ಜಾಹೀರಾತು ಎಲ್ಲದರಲ್ಲೂ ಯಾರೋ ಯಾವುದೋ ಕಾರಣಕ್ಕೆ ಬಣ್ಣ ಆರಿಸಿದ್ದಾರೆ. ಅದನ್ನು ಕೇಳುವ ಅಭ್ಯಾಸ ಒಮ್ಮೆ ಹತ್ತಿದ ಮಗು ಚಿತ್ರದ ಮುಂದೆ ಬಾಯಿಪಾಠದ "ಚೆನ್ನಾಗಿದೆ"ಗೆ ತೃಪ್ತಿಪಡುವುದಿಲ್ಲ. ತನ್ನನ್ನು ಯಾವ ಬಣ್ಣದಲ್ಲಿ ಬರೆದಿದ್ದಾರೆ, ಏಕೆ ಎಂದೂ ಅದು ಕೇಳುತ್ತದೆ.